ಒಮ್ಮೆ ಬಳಸಿ ಎಸೆಯಬೇಕಾದ ಕೀಲಿಕೈ

ಸಂಬಳ ಪಡೆದು ಕಳ್ಳತನ ಮಾಡುವ ಕೆಲಸ ನನಗೆ ಸಿಕ್ಕಿದ್ದು ಇಂದಿರಾನಗರದ ಒಂದು ಮನೆಯ ಮಹಡಿಯಲ್ಲಿ. ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಹಂಡ್ರೆಡ್ ಫೀಟ್ ರೋಡಿನಲ್ಲಿ ಆಗಿನ್ನೂ ಜನ ವಾಸವಿದ್ದ ಮನೆಗಳಿದ್ದವು, ಅವುಗಳ ಮುಂದೆ ಸಂಪಿಗೆ ಮರಗಳಿದ್ದವು. ರಾಯಚೂರಿನಿಂದ ಬಂದು, ಭೌತಶಾಸ್ತ್ರ ಓದಿ, ಹಲಸೂರಿನ ಒಂದು ಬಾಡಿಗೆ ಕೋಣೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಆ ಮನೆಯ ಯಜಮಾನರು ಸಂದರ್ಶನಕ್ಕೆ ಕರೆದಿದ್ದರು. ಬೆಳಕಿನ ಬಗ್ಗೆ ಕೇಳುತ್ತಾರೆ, ಸಂಭವನೀಯತೆಯ ಲೆಕ್ಕ ಕೊಡುತ್ತಾರೆ ಎಂದು ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ.

"ಬೇರೆಯವ್ರಿಗೆ ಬಂದ ಕಾಗದ ಯಾವತ್ತಾದ್ರೂ ಕದ್ದು ಓದಿದೀರಾ?"

"ಓದೀನ್ರಿ ಸರ್. ನಮ್ಮಕ್ಕಂದು."

"ಸಿಕ್ಕಿಬಿದ್ರಾ?"

"ಇಲ್ರಿ."

ಅವರು ಜೋರಾಗಿ ನಕ್ಕು ಸೋಮವಾರದಿಂದ ಬರಲು ಹೇಳಿದರು. ನನಗೆ ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಭೌತಶಾಸ್ತ್ರದಲ್ಲಿ ನಾನು ಪಡೆದ ಅಂಕಗಳನ್ನು ಅವರು ತಿರುಗಿಯೂ ನೋಡಿರಲಿಲ್ಲ ಎಂಬುದು ಮಾತ್ರ ಸ್ವಲ್ಪ ಚುಚ್ಚಿತು.

ಅವರನ್ನು ನಾವು ಬರೀ ಸರ್ ಎನ್ನುತ್ತಿದ್ದೆವು. ವಿಮಾನಪುರದ ಕಡೆ ವಿಮಾನಗಳಿಗೆ ಅಳತೆ ಉಪಕರಣ ಮಾಡುವ ಕೆಲಸದಲ್ಲಿ ಆಯುಷ್ಯವೆಲ್ಲ ಕಳೆದು, ನಿವೃತ್ತಿಯಾದ ಮೇಲೆ ಮನೆಯ ಮಹಡಿಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದರು. ಕೆಳಗೆ ಅವರ ಹೆಂಡತಿ. ಮೇಲೆ ಸರ್, ನಾನು, ಮತ್ತು ಕೃಷ್ಣರಾಜಪುರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ಒಬ್ಬ ಹುಡುಗ. ಅವನು ನನ್ನ ವಯಸ್ಸಿನವನು, ಎಲೆಕ್ಟ್ರಾನಿಕ್ಸ್ ಓದಿದವನು, ಪೆಟ್ಟಿಗೆಗಳನ್ನು ಕಟ್ಟಿದವನೂ ಅವನೇ. ಬಂದ ದಿನದಿಂದಲೇ ಅವನು ನನಗೆ ಕಳ್ಳಿ ಎಂದು ಹೆಸರಿಟ್ಟ.

ಸರ್ ಜಿಪುಣರೆಂದರೆ ಜಿಪುಣರು. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಕಾಂಪೌಂಡಿನ ಮೇಲೆ ಒಣಹಾಕಿ, ಕಟ್ಟು ಕಟ್ಟಿ ಹಳೇ ಪೇಪರಿನವನಿಗೆ ಕೊಡುವುದು ಬೆಂಗಳೂರಿನ ಎಲ್ಲ ಮನೆಗಳಲ್ಲೂ ಇತ್ತು. ಇವರ ಮನೆಯಲ್ಲಿ ಆ ಕಟ್ಟನ್ನು ಕಟ್ಟುವ ದಾರವೂ ವಾಪಸು ಬರಬೇಕಿತ್ತು. ಒಂದು ಬದಿ ಬರೆದ ಹಾಳೆಯನ್ನು ಎಸೆದರೆ ಕಸದ ಬುಟ್ಟಿಯಿಂದ ಎತ್ತಿ ತಂದು ನಮ್ಮ ಮೇಜಿನ ಮೇಲಿಡುವರು. ಬೈಯುತ್ತಿರಲಿಲ್ಲ, ಸುಮ್ಮನೆ ಇಟ್ಟು ಹೋಗುವರು. ಮೂತ್ರಕ್ಕೆ ಎದ್ದು ಹೋದರೂ ನಾವು ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು. "ಸರ್ ಉಸಿರು ಬಿಟ್ಟಿದ್ದನ್ನೂ ಇನ್ನೊಂದ್ಸಲ ಎಳ್ಕೋತಾರೆ ಗುರು" ಎಂದು ಆ ಹುಡುಗ ಹೇಳಿ, ನಾನು ನೀರು ಕುಡಿಯುತ್ತಿದ್ದವಳು ನೆತ್ತಿಗೇರಿಸಿಕೊಂಡಿದ್ದೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಕಷ್ಟವಿಲ್ಲ. ಇಂದಿರಾನಗರದ ಮಹಡಿಯಲ್ಲಿ ಒಂದು ಪೆಟ್ಟಿಗೆ. ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಸರ್ ಅವರ ಬಾಲ್ಯದ ಗೆಳೆಯರಾಗಿದ್ದ ಡಾಕ್ಟರೊಬ್ಬರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಇನ್ನೊಂದು ಪೆಟ್ಟಿಗೆ. ಎರಡರ ನಡುವೆ ಹಲಸೂರಿನ ರಸ್ತೆಗಳ ಕೆಳಗೆ ಹಾದುಹೋಗುವ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿ, ಬಾಡಿಗೆಗೆ ತೆಗೆದುಕೊಂಡದ್ದು. ಅದರೊಳಗೆ ಬೆಳಕನ್ನು ಎಷ್ಟು ಮಂಕಾಗಿಸಿ ಕಳಿಸುತ್ತಿದ್ದೆವೆಂದರೆ ಒಂದು ಸಲಕ್ಕೆ ಒಂದೇ ಕಣ ಹೋಗಬೇಕು. ಬೆಳಕಿನ ಒಂದು ಕಣವನ್ನು ನಡುದಾರಿಯಲ್ಲಿ ಯಾರಾದರೂ ಹಿಡಿದು ನೋಡಿದರೆ ಅದು ಮೊದಲಿನಂತೆ ಉಳಿಯುವುದಿಲ್ಲ. ನೋಡಿದ್ದು ಗೊತ್ತಾಗಿಬಿಡುತ್ತದೆ. ಯಾರೂ ಮುಟ್ಟಿಲ್ಲವೆಂದು ಖಾತ್ರಿಯಾದ ಕಣಗಳಿಂದ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲೊಂದು ಎರಡೂ ಕಡೆ ತಯಾರಾಗುತ್ತದೆ. ಅದೇ ಕೀಲಿಕೈ. ಜಗತ್ತಿನಲ್ಲಿ ಆ ಎರಡು ಪೆಟ್ಟಿಗೆಗಳನ್ನು ಬಿಟ್ಟರೆ ಬೇರೆ ಯಾರ ಬಳಿಯೂ ಅದು ಇರುವುದಿಲ್ಲ. ಆಮೇಲೆ ಕಳಿಸಬೇಕಾದ ಮಾತಿಗೆ ಆ ಸಾಲನ್ನು ಕೂಡಿಸಿ ಮಾಮೂಲಿ ಇಂಟರ್‌ನೆಟ್ಟಿನಲ್ಲಿ ಕಳಿಸಿದರಾಯಿತು. ನಡುವೆ ಕದ್ದವನಿಗೆ ಸಿಗುವುದು ಬರೀ ಗಲೀಜು. ಆ ಕಡೆಯವರು ಅದೇ ಸಾಲನ್ನು ಕಳೆದರೆ ಮಾತು ಸಿಗುತ್ತದೆ.

ಇದಕ್ಕೆಲ್ಲ ಒಂದೇ ಒಂದು ಷರತ್ತು. ಒಂದು ಕೀಲಿಕೈಯನ್ನು ಒಂದೇ ಸಲ ಬಳಸಬೇಕು, ಬಳಸಿ ಎಸೆದುಬಿಡಬೇಕು. ಮೊದಲ ವಾರವೇ ಸರ್ ಬೋರ್ಡಿನ ಮೇಲೆ ಇದನ್ನು ಬರೆದು, ಕೆಳಗೆ ಗೆರೆ ಎಳೆದು, ನನ್ನ ಕಡೆ ತಿರುಗಿ, "ಎಸೀಬೇಕು ಕಣಮ್ಮ, ಎಸೀಲೇಬೇಕು" ಎಂದಿದ್ದರು. ಹಾಲಿನ ಪ್ಯಾಕೆಟ್ ಎಸೆಯದ ಬಾಯಿಂದ ಆ ಮಾತು ಬಂದದ್ದಕ್ಕೆ ನಾನೂ ಆ ಹುಡುಗನೂ ಮುಖ ಮುಖ ನೋಡಿಕೊಂಡಿದ್ದೆವು.

ನಾನು ನಡುದಾರಿಯ ಕಳ್ಳಿ. ಗಾಜಿನ ತಂತಿಯ ಮೇಲೆ ಏನು ಬೇಕಾದರೂ ಮಾಡಬಹುದು, ಇಂಟರ್‌ನೆಟ್ಟಿನಲ್ಲಿ ಹೋಗುವ ಗಲೀಜನ್ನೆಲ್ಲ ಕೂಡಿಟ್ಟುಕೊಳ್ಳಬಹುದು, ಪೆಟ್ಟಿಗೆಯೊಳಗಿನ ಪ್ರೋಗ್ರಾಮನ್ನು ಮಾತ್ರ ನೋಡುವಂತಿಲ್ಲ. ಕಳ್ಳನಿಗೆ ಮನೆಯ ನಕ್ಷೆ ಗೊತ್ತಿದೆ ಎಂದುಕೊಂಡೇ ಬೀಗ ಮಾಡಬೇಕು, ಈ ವಿದ್ಯೆಯ ಮೊದಲ ಪಾಠವೇ ಅದು ಎಂದು ನಾನು ಜಗಳವಾಡಿದ್ದೆ. "ಯಾವ ಮನೆಯೋರು ಕಳ್ಳನ್ನ ಕರೆದು ನಕ್ಷೆ ಕೊಡ್ತಾರೆ?" ಎಂದು ಸರ್ ಬಾಯಿ ಮುಚ್ಚಿಸಿದ್ದರು. ಕದ್ದದ್ದು ಸಿಕ್ಕ ದಿನ ಕರೆಗಂಟೆ ಬಾರಿಸಿ, ಸಂಜೆಯ ಕಾಫಿಗೆ ಎಲ್ಲರೂ ಕೂತಾಗ ಕದ್ದ ಮಾಲನ್ನು ಮೇಜಿನ ಮೇಲಿಟ್ಟು ತೋರಿಸಬೇಕು. ಬರೀ ಬಾಯಿಮಾತು ನಡೆಯುತ್ತಿರಲಿಲ್ಲ.

ಮೊದಲ ಒಂದು ವರ್ಷ ನಾನು ಮಣ್ಣು ಮುಕ್ಕಿದೆ. ಕಣಗಳನ್ನು ಹಿಡಿಯಲು ಹೋದಾಗಲೆಲ್ಲ ತಪ್ಪುಗಳ ಲೆಕ್ಕ ಏರಿ ಪೆಟ್ಟಿಗೆ ಕೀಲಿಕೈ ಬೇಡವೆಂದು ಎಸೆದುಬಿಡುತ್ತಿತ್ತು. ಆ ಹುಡುಗ ಎದ್ದು ಬಂದು ನನಗೆ ಕೈಮುಗಿದು ಹೋಗುತ್ತಿದ್ದ. ಎರಡನೆಯ ವರ್ಷ ಹಿತ್ತಿಲ ಬಾಗಿಲುಗಳು ಒಂದೊಂದಾಗಿ ಕಾಣತೊಡಗಿದವು. ಕಳಿಸುವ ಪೆಟ್ಟಿಗೆಯೊಳಕ್ಕೆ ನಾನೇ ಬೆಳಕು ಬಿಟ್ಟು, ಒಳಗಿನ ಕನ್ನಡಿಗಳಿಂದ ವಾಪಸು ಬಂದ ಚೂರುಪಾರನ್ನು ನೋಡಿ, ಒಳಗೆ ಏನು ನಡೆಯುತ್ತಿದೆ ಎಂದು ಅರ್ಧಂಬರ್ಧ ಓದಿದೆ. ಪುಸ್ತಕದಲ್ಲಿ ಪೆಟ್ಟಿಗೆಗೆ ಕನ್ನಡಿಯೂ ಇಲ್ಲ, ಗೋಡೆಯೂ ಇಲ್ಲ. ಪುಸ್ತಕದ ಪೆಟ್ಟಿಗೆ ಬರೀ ಒಂದು ಚೌಕ. ನಮ್ಮ ಪೆಟ್ಟಿಗೆ ತಗಡಿನದು. ಒಂದೇ ಕಣ ಹೋಗಬೇಕಾದ ಕಡೆ ಆಗಾಗ ಎರಡು ಹೋಗುತ್ತಿದ್ದವು. ಹೆಚ್ಚಿಗೆ ಬಂದದ್ದನ್ನು ನಾನು ಎತ್ತಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ತೋರಿಸಿದ ಮೇಲೆ ಸರ್ ಬೆಳಕನ್ನು ಇನ್ನೂ ಮಂಕು ಮಾಡಿಸಿದರು. ಕೀಲಿಕೈ ತಯಾರಾಗುವುದು ಇನ್ನೂ ನಿಧಾನವಾಯಿತು. ನನ್ನ ಒಂದೊಂದು ಕಳ್ಳತನಕ್ಕೂ ಸರ್ ಸಿಎಂಎಚ್ ರೋಡಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಕೊಡಿಸುತ್ತಿದ್ದರು. ಮೂರು ಜನಕ್ಕೆ ಒಂದೇ ಕಾಫಿಯನ್ನು ಮೂರು ಮಾಡಿಸುತ್ತಿದ್ದರು, ಅದು ಬೇರೆ ಮಾತು.

ಪರೀಕ್ಷೆಗೆ ನಿಜವಾದ ಮಾತು ಬೇಕಲ್ಲ? ಶಿವಾಜಿನಗರದ ಡಾಕ್ಟರು ದಿನಾ ಮಧ್ಯಾಹ್ನ ಸಕ್ಕರೆ, ಮೂತ್ರ, ಥೈರಾಯ್ಡ್ ವರದಿಗಳನ್ನು ರೋಗಿಗಳ ಹೆಸರು ತೆಗೆದು, ಬರೀ ನಂಬರು ಹಾಕಿ, ಈ ದಾರಿಯಲ್ಲಿ ನಮಗೆ ಕಳಿಸುತ್ತಿದ್ದರು. ಸಂಜೆ ಫೋನ್ ಮಾಡಿ, "ನಿನ್ ಭೂತದ ಪೆಟ್ಟಿಗೆ ಕೆಲ್ಸ ಮಾಡ್ತಿದ್ಯಾ ಭಾಯ್?" ಎಂದು ಸರ್ ಅವರನ್ನು ರೇಗಿಸುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಕರೆಂಟು ಹೋಗುವುದು, ಬರುವುದು, ಬಂದಾಗ ಧಡಕ್ಕೆಂದು ಹೆಚ್ಚಾಗಿ ಬರುವುದು ನಡೆಯುತ್ತಲೇ ಇತ್ತು. ಮಾರ್ಚ್ ಕೊನೆಯಲ್ಲಿ ಹಾಗೊಮ್ಮೆ ಬಂದ ಕರೆಂಟಿಗೆ ನಮ್ಮ ಪೆಟ್ಟಿಗೆಯ ತಂಪು ಮಾಡುವ ಭಾಗ ಸುಟ್ಟುಹೋಯಿತು. ಕಣಗಳನ್ನು ಗುರುತಿಸುವ ಕಣ್ಣು ಹಿಮಕ್ಕಿಂತ ತಣ್ಣಗಿರಬೇಕು. ಬಿಸಿಯಾದರೆ ಅದಕ್ಕೆ ಇಲ್ಲದ್ದೆಲ್ಲ ಕಾಣತೊಡಗುತ್ತದೆ. ಹೊಸ ಭಾಗ ಹೊರದೇಶದಿಂದ ಬರಬೇಕು. ಅಲ್ಲಿಯವರೆಗೆ ಹೊಸ ಕೀಲಿಕೈ ಇಲ್ಲ. ಅದರ ಮೇಲೆ, ಪೆಟ್ಟಿಗೆಯನ್ನು ನೋಡಿ ಖರೀದಿಸುವ ಯೋಚನೆಯಿದ್ದ ಕೆಲವರು ಮೇ ತಿಂಗಳಲ್ಲಿ ಬರುವವರಿದ್ದರು. ಸರ್ ಫೋನಿನ ಮುಂದೆಯೇ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಭಾಗ ಬರದ ಚಿಂತೆ ಎಂದುಕೊಂಡೆವು.

ಏಪ್ರಿಲ್ ಕೊನೆಯ ಒಂದು ಶುಕ್ರವಾರ, ಮಧ್ಯಾಹ್ನ, ಕರೆಂಟಿಲ್ಲ. ಹೊರಗೆ ಬಿಸಿಲುಮಚ್ಚಿನ ಮೇಲೆ ಸರ್ ಅವರ ಹೆಂಡತಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ನನಗೆ ಕದಿಯಲು ಕಣಗಳೇ ಇಲ್ಲ, ಕೆಲಸವಿಲ್ಲ. ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪಿನಲ್ಲಿ ಗಲೀಜು ಬಂದು ಬೀಳುವುದನ್ನು ನೋಡುತ್ತಿದ್ದೆ. ಶಿವಾಜಿನಗರದಿಂದ ಆ ದಿನದ ವರದಿಗಳು ಬಂದವು. ಆಗ ತಲೆಗೆ ಹೊಳೆಯಿತು. ಕೀಲಿಕೈ ತಯಾರಾಗದೆ ವಾರಗಳಾದವು. ವರದಿಗಳು ಒಂದು ದಿನವೂ ತಪ್ಪಿಲ್ಲ. ಇವು ಯಾವ ಕೀಲಿಕೈಯಲ್ಲಿ ಬರುತ್ತಿವೆ?

"ಸ್ಟಾಕ್ ಇರುತ್ತೆ ಬಿಡು ಗುರು" ಎಂದ ಆ ಹುಡುಗ, ಟೇಬಲ್ಲಿನ ಮೇಲೆ ತಲೆಯಿಟ್ಟೇ.

ಸ್ಟಾಕು ಇಷ್ಟೊಂದು ಇರುವುದು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ಕಡಿಮೆ ಮಾಡಿದವಳೇ ನಾನು. ನಾನು ಎರಡು ವರ್ಷದಿಂದ ಕೂಡಿಟ್ಟಿದ್ದ ಗಲೀಜನ್ನೆಲ್ಲ ತೆಗೆದೆ. ಈ ವಾರಗಳಲ್ಲಿ ಬಂದ ಒಂದೊಂದನ್ನೂ ಹಳೆಯ ಒಂದೊಂದರಿಂದ ಕಳೆಯಲು ಹಚ್ಚಿದೆ. ಬೇರೆ ಬೇರೆ ಕೀಲಿಕೈಯಾದರೆ ಕಳೆದರೂ ಗಲೀಜೇ ಸಿಗುತ್ತದೆ. ಒಂದೇ ಕೀಲಿಕೈಯನ್ನು ಎರಡು ಮಾತಿಗೆ ಬಳಸಿದ್ದರೆ, ಒಂದರಿಂದ ಇನ್ನೊಂದನ್ನು ಕಳೆದಾಗ ಕೀಲಿಕೈ ತಾನೇ ಮಾಯವಾಗಿ ಎರಡು ಮಾತುಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಎರಡರಲ್ಲೂ ಒಂದೇ ಅಕ್ಷರ ಇದ್ದ ಕಡೆ ಸೊನ್ನೆ ಬರುತ್ತದೆ. ಡಾಕ್ಟರ ಕಾಗದಗಳೆಲ್ಲ ಶುರುವಾಗುವುದು ಒಂದೇ ತಲೆಬರಹದಿಂದ: ಲ್ಯಾಬಿನ ಹೆಸರು, ಗಲ್ಲಿ, ಫೋನ್ ನಂಬರು.

ಪರದೆಯ ಮೇಲೆ ಸೊನ್ನೆ ಬಂತು. ಅದರ ಪಕ್ಕ ಇನ್ನೊಂದು. ಸಾಲು ತುಂಬಿತು, ಕೆಳಗಿನ ಸಾಲೂ ತುಂಬಿತು. ಬರೀ ಸೊನ್ನೆಗಳು.

ನನಗೆ ಹೆದರಿಕೆಯಾಯಿತು. ಬೆಳಕಿನ ಕಣದ ಜೊತೆ ಎರಡು ವರ್ಷ ಗುದ್ದಾಡಿದ್ದೇನೆ. ನಿಸರ್ಗದ ನಿಯಮವೇ ಕಾವಲು ನಿಂತಿರುವ ಬೀಗ ಇದು ಎಂದು ಸರ್ ಬಂದವರಿಗೆಲ್ಲ ಹೇಳುವುದನ್ನು ಕೇಳಿ ಕೇಳಿ ನಾನೂ ನಂಬಿದ್ದೆ. ಇಲ್ಲಿ ನೋಡಿದರೆ ಬೀಗಕ್ಕೆ ಕೈ ಹಚ್ಚುವ ಅಗತ್ಯವೇ ಇರಲಿಲ್ಲ. ಶಾಲೆಯ ಮಕ್ಕಳು ಮಾಡುವ ಕಳೆಯುವ ಲೆಕ್ಕ ಸಾಕಾಗಿತ್ತು.

ಹೆದರಿಕೆಯ ಹಿಂದೆಯೇ ಸಂತೋಷ ಬಂತು. ಸುಳ್ಳು ಯಾಕೆ ಹೇಳಲಿ. ಕಳ್ಳಿಗೆ ಕೊನೆಗೂ ಮನೆ ಪೂರ್ತಿ ಸಿಕ್ಕಿತ್ತು. ಗಂಟೆ ಬಾರಿಸಲು ಎದ್ದೆ. ಮಾಲು ತೋರಿಸಬೇಕಲ್ಲ ಎಂದು ಮತ್ತೆ ಕೂತೆ. ಜೋಡಿಯಾಗಿ ಸಿಕ್ಕಿದ್ದರಲ್ಲಿ ಒಂದು ಹಳೆಯದು, ಸಕ್ಕರೆಯ ವರದಿಯಿರಬೇಕು ಎಂದುಕೊಂಡು ಸಕ್ಕರೆಯ ವರದಿಯಲ್ಲಿ ಇರುವ ಶಬ್ದಗಳನ್ನು ಹಾಕಿ ಕಳೆದು ನೋಡಿದೆ. ಊಹೆ ಸರಿಯಾದ ಕಡೆ ಇನ್ನೊಂದು ಕಾಗದದ ಅಕ್ಷರಗಳು ಮುರಿದು ಮುರಿದು ಬಂದವು. ಆ ಮುರುಕನ್ನು ಪೂರ್ತಿ ಮಾಡಿದರೆ ಇಲ್ಲಿಯದು ನಾಲ್ಕು ಅಕ್ಷರ, ಇಲ್ಲಿಯದರಿಂದ ಅಲ್ಲಿಯದು ಆರು. ಇದು ಪದಬಂಧ ಬಿಡಿಸಿದ ಹಾಗೆ, ಶುರುವಾದರೆ ನಿಲ್ಲಿಸಲಾಗುವುದಿಲ್ಲ. ಆದರೆ ಇನ್ನೊಂದು ಕಾಗದ, ಈ ತಿಂಗಳ ಮೊದಲ ವಾರ ಬಂದದ್ದು, ವರದಿಯಾಗಿರಲಿಲ್ಲ. ತಲೆಬರಹ ಮುಗಿದ ಮೇಲೆ ನಂಬರು ಬರಬೇಕಾದ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಪ್ರಿಯ' ಎಂದು ಬಂತು. ಅದರ ಮುಂದೆ ಸರ್ ಅವರ ಹೆಸರು.

ನೀನು ಹೇಳಿದ ಹಾಗೆ ಫೋನ್ ಮಾಡಿಲ್ಲ, ನಿನ್ನ ಹೆಂಡತಿಯೇ ಎತ್ತುತ್ತಾರೆ ಎಂದು ಗೊತ್ತು. ನಿನ್ನ ಹೊಟ್ಟೆಯಿಂದ ತೆಗೆದ ತುಂಡು ನೋಡಿದೆ, ಎರಡು ಸಲ ನೋಡಿದೆ, ದೊಡ್ಡವರೊಬ್ಬರಿಗೂ ತೋರಿಸಿದೆ. ನಾವು ಹೆದರಿದ್ದೇ ನಿಜವಾಗಿದೆ. ಈಗಾಗಲೇ ಹರಡಿದೆ, ಕತ್ತರಿ ಹಾಕಿ ಉಪಯೋಗವಿಲ್ಲ. ಈ ವರ್ಷ ದಾಟುವುದು ಕಷ್ಟ. ಮನೆಯಲ್ಲಿ ಹೇಳು. ನಿನ್ನ ಕೈಲಿ ಆಗದಿದ್ದರೆ ನಾನು ಬಂದು ಹೇಳುತ್ತೇನೆ.

ಕೊನೆಯ ಸಾಲು ಬರುವಾಗ ಕೆಳಗಿನಿಂದ ಸರ್ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ನಾನು ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದೆ. ಅವರು ಸಂಡಿಗೆ ತಿರುವಿ ಹಾಕಿ, ಕಿಟಕಿಯಿಂದ ಒಳಗೆ ನೋಡಿ, "ಏನಮ್ಮ, ಬೆವ್ತು ಹೋಗಿದೀಯಲ್ಲ, ಮಜ್ಜಿಗೆ ಕೊಡ್ಲಾ?" ಎಂದರು. ಬೇಡವೆಂದು ತಲೆಯಾಡಿಸಿದೆ. ಬಾಯಿ ತೆರೆದರೆ ಏನು ಹೊರಬರುತ್ತದೋ ಎಂದು ಭಯವಾಗಿತ್ತು.

"ಏನ್ ಕಳ್ಳಿ, ಸಿಕ್ತಾ?" ಎಂದ ಆ ಹುಡುಗ.

"ಇಲ್ಲ" ಎಂದೆ.

ಶನಿವಾರ, ಭಾನುವಾರ ಹಲಸೂರಿನ ಕೋಣೆಯಲ್ಲಿ ಕೂರಲಾಗದೆ ಕೆರೆಯ ಸುತ್ತ ಅಲೆದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಯಾರ ಮೇಲೆ ಎಂದು ಸರಿಯಾಗಿ ತಿಳಿಯುತ್ತಿರಲಿಲ್ಲ. ಗಂಟೆ ಬಾರಿಸಿದರೆ ಸರ್ ಅವರ ಗುಟ್ಟು ಬೀದಿಗೆ ಬರುತ್ತದೆ. ಬಾರಿಸದಿದ್ದರೆ ಇಂಥ ಪೆಟ್ಟಿಗೆಯನ್ನು ನಾಳೆ ಯಾರೋ ನಂಬಿ ಕೊಂಡುಕೊಂಡು ತಮ್ಮ ಗುಟ್ಟನ್ನು ಇದರಲ್ಲಿ ಇಡುತ್ತಾರೆ. ನನ್ನ ಕೋಣೆಯ ಮನೆಯೊಡತಿ ತಮಿಳಿನಲ್ಲಿ ಊಟ ಆಯ್ತಾ ಎಂದು ಕೇಳಿದ್ದಕ್ಕೆ ಅವರ ಮೇಲೂ ರೇಗಿದೆ.

ಸೋಮವಾರ ಬೆಳಿಗ್ಗೆ ಆ ಹುಡುಗ ಬರುವ ಮೊದಲೇ ಹೋದೆ. ಸರ್ ಬಿಸಿಲುಮಚ್ಚಿನಲ್ಲಿ ಒಬ್ಬರೇ ಕೂತು ಸಂಡಿಗೆಗೆ ಕಾಗೆ ಕಾಯುತ್ತಿದ್ದರು. ಅಂಗಿ ಎಷ್ಟು ಸಡಿಲವಾಗಿತ್ತು! ಅಷ್ಟು ದಿನ ಕಣ್ಣೆದುರಿಗಿದ್ದರೂ ನನಗೆ ಕಂಡಿರಲಿಲ್ಲ.

"ಸರ್, ನಾ ಕದ್ದೀನ್ರಿ."

ಅವರ ಮುಖ ಅರಳಿತು. "ಹೌದಾ? ಎಲ್ಲಿ? ತಂಪೇ ಇಲ್ವಲ್ಲ, ಬೆಳಕೇ ಬಿಡ್ತಿಲ್ಲ ನಾವು."

"ಬೆಳಕಿನ ಸುದ್ದಿಗೇ ಹೋಗಿಲ್ರಿ. ಬಳಸಿದ ಕೀಲಿಕೈನೇ ಮತ್ತ ಬಳಸ್ಯಾರ. ಒಂದರಾಗ ಒಂದು ಕಳದೆ, ಬಂತು."

ಅವರು ಕೋಲೆತ್ತಿ ಒಂದು ಕಾಗೆಯನ್ನು ಓಡಿಸಿದರು. ಆಮೇಲೆ, "ಪ್ರೋಗ್ರಾಮಲ್ಲಿ ಆ ಭಾಗ ನಾನೇ ಬರ್ದಿದ್ದು" ಎಂದರು. "ಹೋದ್ ವರ್ಷ ನೀನು ಬೆಳಕು ಕಮ್ಮಿ ಮಾಡ್ಸಿದ್ಮೇಲೆ ಕೀ ಸಾಲ್ತಿರ್ಲಿಲ್ಲ. ವರದಿ ನಿಂತ್ರೆ ಡಾಕ್ಟ್ರು ಆಡ್ಕೊಳ್ತಿದ್ದ. ಹಳೇದೆಲ್ಲಾ ಇಟ್ಟಿದ್ದೆ. ಹೊಸದು ಮುಗಿದ್ರೆ ಮಾತ್ರ ಹಳೇದಕ್ಕೆ ಹೋಗ್ಲಿ ಅಂತ ಒಂದು ಸಾಲು ಬರ್ದೆ. ಅಷ್ಟೊಂದು ಕಷ್ಟಪಟ್ಟು ಮಾಡಿದ್ದು ಕಣಮ್ಮ, ಎಸೆಯೋಕೆ ಮನಸ್ಸು ಬರ್ಲಿಲ್ಲ."

"ನೀವೇ ಬೋರ್ಡಿನ ಮ್ಯಾಲೆ ಬರದಿದ್ರಲ್ರಿ ಸರ್" ಎಂದೆ. ದನಿ ಏರಿತ್ತು. ಹಿರಿಯರೆಂದು ನೋಡಲಿಲ್ಲ, ಕಾಯಿಲೆಯವರೆಂದೂ ನೋಡಲಿಲ್ಲ. ಬೆಳಕಿನ ಒಂದೊಂದು ಕಣಕ್ಕೆ ಅಷ್ಟು ಕಾವಲು ಹಾಕಿದ ಮನುಷ್ಯ ಬಳಸಿದ ಕೀಲಿಕೈಗಳನ್ನು ಹಾಲಿನ ಪ್ಯಾಕೆಟ್ಟಿನ ಹಾಗೆ ಕಟ್ಟಿ ಇಟ್ಟುಕೊಂಡಿದ್ದರು. ಅದು ನನಗೆ ಇವತ್ತಿಗೂ ನಂಬಲಾಗುವುದಿಲ್ಲ.

"ಸ್ಟಾಕ್ ಇನ್ನೂ ಇದೆ ಅಂದ್ಕೊಂಡಿದ್ದೆ" ಎಂದರು. ಆಮೇಲೆ, ಮಾಮೂಲಿನಂತೆ, "ಮಾಲು ತೋರ್ಸು. ಯಾವ್ದು ಓದಿದೆ?"

ಸಂಡಿಗೆ ನೋಡುತ್ತ ನಿಂತೆ. ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟರು.

"ಎಷ್ಟು ಸಿಕ್ತು?"

"ಪೂರ್ತಿ ರೀ ಸರ್."

ಆ ಹೊತ್ತಿನ ಅವರ ಮುಖವನ್ನು ಬರೆಯಲು ನನ್ನಿಂದಾಗದು. ತಮ್ಮ ಪೆಟ್ಟಿಗೆಯನ್ನು ಮಾರಬೇಕೆಂದು ಹೊಗಳುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಅವರಲ್ಲಿ ಒಬ್ಬರೂ ತಮ್ಮ ಗುಟ್ಟನ್ನು ಅದರಲ್ಲಿ ಇಡುವುದಿಲ್ಲ. ಇವರು ಇಟ್ಟಿದ್ದರು. ಇಡೀ ಬೆಂಗಳೂರಿನಲ್ಲಿ ತಮ್ಮ ಸಾವಿನ ಸುದ್ದಿ ತರಿಸಿಕೊಳ್ಳಲು ಇದಕ್ಕಿಂತ ಭದ್ರವಾದ ದಾರಿ ಇಲ್ಲವೆಂದು ನಿಜವಾಗಿ ನಂಬಿದ್ದರು.

"ಮಗಳಿಗೆ ಜೂನ್‌ನಲ್ಲಿ ಹೆರಿಗೆ" ಎಂದರು ಕೊನೆಗೆ. "ಚೊಚ್ಚಲು. ಇವ್ಳು ಬಾಣಂತನಕ್ಕೆ ಏನೇನೋ ಕಟ್ಕೊಂಡು ಕೂತಿದಾಳೆ. ಈಗ ಹೇಳಿದ್ರೆ ಅದೊಂದು ಸಂತೋಷಾನೂ ಹೋಗುತ್ತೆ. ಅದು ಮುಗೀಲಿ. ನೀನು ಗಂಟೆ ಬಾರ್ಸು, ಬಾರ್ಸಲೇಬೇಕು. ಬೇರೆ ಎರಡು ವರದಿ ಹಿಡ್ದು ತೋರ್ಸು. ಇದನ್ನ ಮಾತ್ರ ಬಿಟ್ಬಿಡು."

ಹಾಗೇ ಮಾಡಿದೆ. ಸಂಜೆ ಸಕ್ಕರೆಯ ಎರಡು ವರದಿಗಳನ್ನು ಮೇಜಿನ ಮೇಲಿಟ್ಟು, ಪ್ರೋಗ್ರಾಮಿನ ಒಂದು ಸಾಲು ಹಳೆಯ ಕೀಲಿಕೈಯನ್ನೇ ಮತ್ತೆ ಕೊಡುತ್ತಿದೆ ಎಂದೆ. ಆ ಹುಡುಗ ಕಾಫಿ ಲೋಟ ಹಿಡಿದವನು ಹಾಗೇ ಕೂತ. "ಯಾವ್ ಲೋಫರ್ ಬರ್ದಿದ್ದು ಈ ಸಾಲು?" ಎಂದ. "ನಾನೇ" ಎಂದರು ಸರ್. ಅವನು ಲೋಟ ಇಟ್ಟು ಎದ್ದು ಹೋಗಿ ಬಾತ್‌ರೂಮಿನಲ್ಲಿ ತುಂಬ ಹೊತ್ತು ಇದ್ದ. ಮಾರನೇ ದಿನ ಆ ಸಾಲು ಹೋಯಿತು. ಹಳೆಯ ಕೀಲಿಕೈಗಳನ್ನೆಲ್ಲ ಸರ್ ನಮ್ಮೆದುರೇ ಅಳಿಸಿದರು. ಅಳಿಸುವಾಗ ಅವರ ಬೆರಳು ಎರಡು ಸಲ ನಿಂತಿತು.

ತಂಪಿನ ಭಾಗ ಬಂತು, ನೋಡುವವರೂ ಬಂದರು. ಕಾರಿನಲ್ಲಿ ಬಂದು ಬೂಟು ಬಿಚ್ಚಲು ಹಿಂದೆ ಮುಂದೆ ನೋಡಿದ ಮೂರು ಜನ. ಅವರು ನೋಡುತ್ತಿರುವಾಗಲೇ ಕರೆಂಟು ಹೋಯಿತು, ತಂಪು ನಿಂತು ಇದ್ದಷ್ಟು ಕೀಲಿಕೈ ತೀರಿತು, ಬ್ಯಾಟರಿಯ ಮೇಲಿದ್ದ ಪೆಟ್ಟಿಗೆ ಕೀಲಿಕೈ ಇಲ್ಲ ಎಂದು ಬರೆದು ನಿಂತೇಹೋಯಿತು. ಬಂದವರಲ್ಲಿ ಒಬ್ಬ ನಕ್ಕ. "ಇಲ್ಲ ಅಂದ್ರೆ ಇಲ್ಲ ಸ್ವಾಮಿ, ಸುಳ್ಳು ಹೇಳೋಕಾಗಲ್ಲ" ಎಂದರು ಸರ್, ಬೆನ್ನು ನೆಟ್ಟಗೆ ಮಾಡಿ. ಅವರು ಕಾಗದ ಬರೆಯುತ್ತೇವೆಂದು ಹೋದವರು ಬರೆಯಲಿಲ್ಲ.

ಆ ಕಾಗದ ಓದಿದ ದಿನದಿಂದ ನಾನು ಕೆಳಗಿನ ಮನೆಯ ಬಾಗಿಲ ಮುಂದೆ ತಲೆ ತಗ್ಗಿಸಿ ಓಡಾಡುತ್ತಿದ್ದೆ. ಸರ್ ಅವರ ಹೆಂಡತಿ ಮಾತಾಡಿಸಿದರೆ ಗಡಿಬಿಡಿ ಎನ್ನುತ್ತಿದ್ದೆ. ಮೇ ತಿಂಗಳ ಕೊನೆಯ ಒಂದು ಸಂಜೆ ಅವರು ಅಡುಗೆಮನೆಯ ಕಿಟಕಿಯಿಂದ ಕರೆದರು. ಕಾಫಿ ಮೇಲೆ ತೆಗೆದುಕೊಂಡು ಹೋಗಬೇಕಂತೆ. ಒಳಗೆ ಹೋದೆ. ಒಲೆಯ ಮೇಲೆ ಹಾಲಿತ್ತು. ಬಾಣಂತಿಗೆ ಕೊಡುವ ಅಂಟಿನುಂಡೆಗೆಂದು ಕೊಬ್ಬರಿ ತುರಿದು ತಟ್ಟೆಯಲ್ಲಿ ಹರಡಿದ್ದರು.

"ನಿಂಗೂ ಗೊತ್ತು ಅಲ್ವಾ?" ಎಂದರು, ಹಾಲಿನ ಕಡೆ ನೋಡುತ್ತ.

ಯಾವುದು ಎಂದು ಕೇಳುವ ಧೈರ್ಯವಾಗಲಿಲ್ಲ.

"ಹೋದ್ ತಿಂಗ್ಳು ಕಮರ್ಷಿಯಲ್ ಸ್ಟ್ರೀಟ್‌ಗೆ ಕರ್ಕೊಂಡ್ಹೋದ್ರು. ಅವರಾಗಿ ಅವರೇ. ಮೊದಲ್ನೇ ಅಂಗ್ಡಿಗೇ ನುಗ್ಗಿ, ನಿಂಗ್ಯಾವ್ದು ಬೇಕೋ ತಗೋ ಅಂದ್ರು. ನಾನು ತಮಾಷೆಗೆ ಒಂದು ರೇಷ್ಮೆ ಸೀರೆ ಮುಟ್ದೆ. ಅಂಗ್ಡಿಯೋನು ರೇಟ್ ಹೇಳ್ದ. ಇವ್ರು ತೆಗೆದು ಕೊಟ್ಬಿಟ್ರು. ಮದ್ವೆಯಾದಾಗಿಂದ ಚೌಕಾಸಿ ಮಾಡ್ದೆ ಒಂದು ಕಟ್ಟು ಸೊಪ್ಪು ತಂದೋರಲ್ಲ ಕಣಮ್ಮ. ಅಂಗ್ಡಿಯೋನೇ ಗಾಬ್ರಿಯಾಗಿ ಅವನೇ ಒಂದಿಷ್ಟು ಕಮ್ಮಿ ಮಾಡ್ಲಾ ಅಂದ. ಬೇಡ ಅಂದ್ರು." ಅವರು ಒಲೆ ಸಣ್ಣ ಮಾಡಿದರು. "ಅಲ್ಲೇ ಹಾಸಿನ ಮೇಲೆ ಕೂತ್ಬಿಟ್ಟೆ. ಮಾರ್ನೇ ದಿನ ಆಟೋ ಮಾಡ್ಕೊಂಡು ಶಿವಾಜಿನಗರಕ್ಕೆ ಹೋದೆ. ಡಾಕ್ಟ್ರು ಏನೂ ಹೇಳ್ಲಿಲ್ಲ, ಪಾಪ. ನನ್ ಮುಖ ನೋಡ್ದೆ ಟೀ ತರ್ಸಿದ್ರು. ಅಷ್ಟು ಸಾಕಾಯ್ತು."

ಎರಡು ವರ್ಷ ನಾನು ಯಂತ್ರ ಹಿಡಿದು, ಗಣಿತ ಹಿಡಿದು ಒಡೆದ ಗುಟ್ಟನ್ನು ಈ ಹೆಂಗಸು ಸೀರೆ ಅಂಗಡಿಯಲ್ಲಿ ಕೂತು ಓದಿಬಿಟ್ಟಿದ್ದರು. ಓದಿ, ಮನೆಗೆ ಬಂದು, ಸಂಡಿಗೆ ಇಟ್ಟಿದ್ದರು. ನನಗೆ ಮಜ್ಜಿಗೆ ಬೇಕೇ ಎಂದು ಕೇಳಿದ್ದರು.

"ಅಮ್ಮಾ, ಸರ್‌ಗೆ..." ಎಂದು ಬಾಯಿ ತೆರೆದೆ.

"ನಂಗೊತ್ತು ಅಂತ ಅವ್ರಿಗೆ ಹೇಳ್ಬೇಡ" ಎಂದರು. "ಮಗಳ ಹೆರಿಗೆ ಆಗೋವರ್ಗೂ ನಾನು ಖುಷಿಯಾಗಿದೀನಿ ಅಂತ ಅಂದ್ಕೊಂಡಿರ್ಲಿ. ಅದೊಂದೇ ಅವ್ರಿಗೆ ನೆಮ್ಮದಿ." ಡಿಕಾಕ್ಷನ್ ಹಾಕಿ, ಸಕ್ಕರೆ ಕಲಸಿ, ಲೋಟ ನನ್ನ ಕೈಗೆ ಕೊಟ್ಟರು.

ಲೋಟ ಹಿಡಿದು ಮೆಟ್ಟಿಲು ಹತ್ತಿದೆ. ಸರ್ ಕಿಟಕಿಯ ಬಳಿ ಕೂತಿದ್ದರು. ಆ ಹುಡುಗ ಮನೆಗೆ ಹೋಗಿಯಾಗಿತ್ತು. ಅವರು ಲೋಟ ತೆಗೆದುಕೊಳ್ಳದೆ ನನ್ನನ್ನೇ ನೋಡಿದರು.

"ಇಷ್ಟೊತ್ತು ಏನು ಮಾತಾಡ್ತಿದ್ಲು ಅವ್ಳು?"

"ಅಂಟಿನುಂಡಿ ಮಾಡೋದು ಹೇಳಿಕೊಡ್ತಿದ್ರು, ಸರ್."

"ಅವ್ಳಿಗೆ ಏನೂ ಗೊತ್ತಾಗಿಲ್ಲ, ಅಲ್ವಾ?"

"ಇಲ್ರಿ ಸರ್" ಎಂದೆ.

ಅವರಿಗೆ ಸಮಾಧಾನವಾಯಿತು. ಲೋಟ ತೆಗೆದುಕೊಂಡು ನಿಧಾನವಾಗಿ ಕಾಫಿ ಕುಡಿದರು.